ಬಾಗಿಲ ಬಳಿಯ ಗಿಡಕ್ಕೆ ಹಣಕ್ಕಿಂತ ಬೆಳಕು ಮುಖ್ಯ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮುಂಬಯಿ ಮತ್ತು ಉಪನಗರಗಳ ಫ್ಲ್ಯಾಟುಗಳಲ್ಲಿ ಸಂಸಾರ ನಡೆಸುವ ನಮ್ಮಂಥವರಿಗೆ ಅಂಗಳವಿಲ್ಲ, ಜಗಲಿಯಿಲ್ಲ. ಚಪ್ಪಲಿ ಸ್ಟ್ಯಾಂಡ್ ಇಟ್ಟ ಮೇಲೆ ಹೊಸ್ತಿಲ ಬದಿಯಲ್ಲಿ ಉಳಿಯುವ ಒಂದೆರಡು ಅಡಿ ಜಾಗವೇ ಮನೆಯ ಮುಂಭಾಗ. ಅದನ್ನು ಹಸಿರಾಗಿಸುವ ಆಸೆಯಿಂದ ದುಬಾರಿ ಗಿಡ ತಂದು, ಎರಡು ತಿಂಗಳಲ್ಲಿ ಅದು ಒಣಗಿದಾಗ ತಮ್ಮ ಕೈಗುಣವೇ ಸರಿಯಿಲ್ಲವೆಂದು ಕೊರಗುವವರನ್ನು ಕಂಡಿದ್ದೇನೆ. ನಾನೂ ಹಾಗೆ ಕೊರಗಿದವಳಾದ್ದರಿಂದ ಈ ಪತ್ರ.

ಡೊಂಬಿವಲಿಯ ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ. ಊರಿನ ತುಳಸಿಕಟ್ಟೆಯ ನೆನಪಿಗೆಂದು ಅತ್ತೆಯವರು ಬಾಗಿಲ ಪಕ್ಕದಲ್ಲಿಟ್ಟ ತುಳಸಿ ಒಂದೇ ವರ್ಷದಲ್ಲಿ ಮೂರು ಸಲ ಬಾಡಿಹೋಯಿತು. ಮೊದಲು ಕೆಳಗಿನ ಎಲೆಗಳು ಉದುರುತ್ತಿದ್ದವು, ಬಳಿಕ ಕಾಂಡವು ಮೆಟ್ಟಿಲ ಬದಿಯ ಜಾಲರಿಯತ್ತ ಉದ್ದಕ್ಕೆ ಬಾಗುತ್ತಿತ್ತು, ಕೊನೆಗೆ ಕಡ್ಡಿಯಷ್ಟೇ ಉಳಿಯುತ್ತಿತ್ತು. ತುಳಸಿಗೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು. ಟ್ಯೂಬ್‌ಲೈಟಿನ ಪ್ಯಾಸೇಜಿನಲ್ಲಿ ಎಷ್ಟು ನೀರೆರೆದರೂ ಗೊಬ್ಬರ ಹಾಕಿದರೂ ಅದು ಉಳಿಯದು. ಈಗ ತುಳಸಿ ಪೂರ್ವದ ಕಿಟಕಿಯ ಗ್ರಿಲ್ಲಿಗೆ ಹೋಗಿದೆ, ಅತ್ತೆಯವರ ಬೆಳಗಿನ ನೀರು ಅಲ್ಲಿಯೇ ಸಲ್ಲುತ್ತದೆ.

ಗಿಡ ಕೊಳ್ಳುವ ಮೊದಲು ಮಧ್ಯಾಹ್ನ ಬಾಗಿಲ ಬಳಿ ಬಿಳಿ ಕಾಗದವನ್ನಿಟ್ಟು, ಅದರಿಂದ ಒಂದಡಿ ಮೇಲೆ ಕೈ ಹಿಡಿದು ನೋಡಬೇಕು. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಬೆಳಕು ಚೆನ್ನಾಗಿದೆ. ನೆರಳು ಮಸುಕಾಗಿದ್ದರೆ ಮನಿ ಪ್ಲಾಂಟ್, ಸಿಂಗೋನಿಯಂ, ಸ್ನೇಕ್ ಪ್ಲಾಂಟ್‌ನಂಥವೇ ಸರಿ. ನೆರಳೇ ಬೀಳದಿದ್ದರೆ ಆ ಜಾಗಕ್ಕೆ ರಂಗೋಲಿಯೇ ಸಾಕು. ಈ ಗಿಡಗಳನ್ನು ಹಣ ಕೊಟ್ಟು ತರಬೇಕೆಂದೂ ಇಲ್ಲ. ಮನಿ ಪ್ಲಾಂಟಿನ ಬಳ್ಳಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಆ ಗಿಣ್ಣು ಮುಳುಗುವಂತೆ ನೀರಿನ ಬಾಟಲಿಯಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಬೇರು ಬರುತ್ತದೆ. ಸ್ನೇಕ್ ಪ್ಲಾಂಟಿನ ಎಲೆಯನ್ನು ಮೂರು ನಾಲ್ಕು ಇಂಚಿನ ತುಂಡುಗಳಾಗಿಸಿ, ಎರಡು ದಿನ ಗಾಯ ಒಣಗಲು ಬಿಟ್ಟು, ಬುಡದ ಕಡೆಯನ್ನೇ ಕೆಳಗಿಟ್ಟು ನೆಡಬೇಕು. ತಲೆಕೆಳಗಾದರೆ ಬೇರು ಬಿಡುವುದಿಲ್ಲ. ಹಳದಿ ಅಂಚಿನ ಎಲೆಯಿಂದ ಹೀಗೆ ಎಬ್ಬಿಸಿದ ಹೊಸ ಗಿಡ ಬರೀ ಹಸಿರಾಗಿಯೇ ಹುಟ್ಟುತ್ತದೆ ಎಂಬುದು ನನಗೆ ಅನುಭವದಿಂದ ತಿಳಿಯಿತು. ಆ ಅಂಚು ಉಳಿಯಬೇಕಾದರೆ ಬುಡದ ಮರಿಯನ್ನೇ ಬೇರ್ಪಡಿಸಿ ನೆಡಬೇಕು. ಪೇಂಟಿನ ಹಳೆಯ ಡಬ್ಬಿಗೆ ತಳದಲ್ಲಿ ತೂತು ಕೊರೆದರೆ ಕುಂಡದ ಖರ್ಚೂ ಉಳಿಯುತ್ತದೆ. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಕುಂಡದ ಕೆಳಗಿಡುವ ಎರಡು ತಟ್ಟೆಗಳಿಗೆ ಸೇರಿ ನನಗೆ 300 ರೂಪಾಯಿ ಕೂಡ ತಗಲಲಿಲ್ಲ.

ಆ ತಟ್ಟೆಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರು ನಿಂತ ಪಾತ್ರೆಯ ಒಳಬದಿಯಲ್ಲಿ, ನೀರಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ತಟ್ಟೆಯ ನೀರನ್ನೂ ಮನಿ ಪ್ಲಾಂಟಿನ ಬಾಟಲಿಯ ನೀರನ್ನೂ ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ, ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಬೆಂಕಿ ಬಿದ್ದಾಗ ಜನ ಓಡಬೇಕಾದ ಮೆಟ್ಟಿಲ ಮೇಲೆ ಕುಂಡ ಇಡುವುದು ಎಷ್ಟು ಚೆಂದ ಕಂಡರೂ ತಪ್ಪೇ.

ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿಯಿದೆ. ಕತ್ತರಿಸಿದ ತುಂಡುಗಳು ಸುಲಭವಾಗಿ ಬೇರು ಹಿಡಿಯುವ ಜೂನ್ ತಿಂಗಳ ಒಂದು ಭಾನುವಾರ, ಸಂಘದ ಸಭಾಗೃಹದಲ್ಲಿ ಸದಸ್ಯರು ತಮ್ಮ ಮನೆಯ ಬಳ್ಳಿ, ಮರಿಗಳನ್ನು ತಂದು ಹಂಚಿಕೊಳ್ಳುವ ವ್ಯವಸ್ಥೆ ಮಾಡಬೇಕು. ನನ್ನಲ್ಲಿ ಬೇರು ಬಿಟ್ಟ ಮನಿ ಪ್ಲಾಂಟಿನ ಹನ್ನೆರಡು ಬಾಟಲಿಗಳು ಸಿದ್ಧವಾಗಿವೆ.

– ಓರ್ವ ಗೃಹಿಣಿ, ಡೊಂಬಿವಲಿ ಪೂರ್ವ