ಹಳೆಯ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುವವರ ಗಮನಕ್ಕೆ

ಚಿತ್ರದುರ್ಗದ ಜೋಗಿಮಟ್ಟಿ ಇಳಿಜಾರಿಗೆ ಹಳೇ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ತರುವವರು ಮೊದಲು ಬ್ರೇಕ್ ಎಣ್ಣೆ ನೋಡಿಕೊಳ್ಳಿ. ಶಿಮಾನೊ, ಮಗುರಾ ಕಂಪನಿಗಳ ಬ್ರೇಕ್‌ಗೆ ಮಿನರಲ್ ಆಯಿಲ್ ಮಾತ್ರ. ಹಳೇ ಹೇಯ್ಸ್, ಹೋಪ್ ಬ್ರೇಕ್‌ಗೆ ಡಾಟ್ 4 (ಕಾರು, ಬೈಕಿಗೂ ಹಾಕುವ ಬ್ರೇಕ್ ದ್ರವ). ಅದಲುಬದಲಾದರೆ ರಬ್ಬರ್ ಸೀಲ್ ಉಬ್ಬಿ ಪ್ಯಾಡ್ ತಳ್ಳುವ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ತೊಳೆದರೂ ಸರಿಹೋಗುವುದಿಲ್ಲ. ಡಾಟ್ 4 ಗಾಳಿಯ ತೇವ ಹೀರುತ್ತದೆ. ಆಗ ಅದರ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್‌ನಿಂದ 155ರವರೆಗೂ ಇಳಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ದ್ರವ ಕುದ್ದು, ಲಿವರ್ ಹ್ಯಾಂಡಲ್‌ಗೆ ತಾಗುವುದು ಆಗಲೇ. ವರ್ಷಕ್ಕೊಮ್ಮೆಯಾದರೂ ಬದಲಿಸಿ, ತೆರೆದಿಟ್ಟ ಡಬ್ಬಿಯದು ಬೇಡ.

ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಅಂಚಿನ ಕಪ್ಪು ಧೂಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ನಂತರವೇ ಒಳಗೆ ತಳ್ಳಿ. ಹಾಗೇ ತಳ್ಳಿದರೆ ಧೂಳು ಸೀಲನ್ನು ಗೀಚುತ್ತದೆ. ಎಣ್ಣೆ ಕುಡಿದ ಪ್ಯಾಡ್ ಎಸೆಯಿರಿ. ಶಿಮಾನೊ ರೋಟರ್ (ಚಕ್ರದ ಡಿಸ್ಕ್) 1.5 ಮಿ.ಮೀ.ಗೆ ಸವೆದಿದ್ದರೆ ಅದನ್ನೂ ಬದಲಿಸಿ.