ಬಸ್ಸಿನ ಕಥೆಯಲ್ಲಿ ಬಿಟ್ಟುಹೋದ ನ್ಯಾಯಾಧೀಶ

ಮಾನ್ಯ ಸಂಪಾದಕರೇ,

ಡಿಸೆಂಬರ್ 1ರ ಸಂಚಿಕೆಯಲ್ಲಿ ರೋಸಾ ಪಾರ್ಕ್ಸ್ ಕುರಿತ ಲೇಖನ ಓದಿದೆ. 1955ರಲ್ಲಿ ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗಮರಿಯಲ್ಲಿ ಆ ತಾಯಿ ಬಿಳಿಯರಿಗಾಗಿ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ, ಕಪ್ಪು ವರ್ಣೀಯರು 381 ದಿನ ಬಸ್ಸು ಹತ್ತಲಿಲ್ಲ, ಕೊನೆಗೆ ಗೆದ್ದರು ಎಂದು ಲೇಖಕರು ಮನಮುಟ್ಟುವಂತೆ ಬರೆದಿದ್ದಾರೆ. ಆದರೆ ಆ ‘ಕೊನೆಗೆ’ ಎಂಬ ಒಂದು ಪದದೊಳಗೆ ಒಂದು ಮೊಕದ್ದಮೆಯೂ ಒಬ್ಬ ನ್ಯಾಯಾಧೀಶರೂ ಮುಚ್ಚಿಹೋಗಿದ್ದಾರೆ. ಮೂವತ್ತೈದು ವರ್ಷ ಕರಿಕೋಟು ಹಾಕಿದ ನನಗೆ ಇದನ್ನು ಸಹಿಸಲಾಗಲಿಲ್ಲ. ಹಾಗಾಗಿ ಈ ಪತ್ರ.

ಬಸ್ಸಿನಲ್ಲಿ ಕಪ್ಪು ವರ್ಣೀಯರನ್ನೂ ಬಿಳಿಯರನ್ನೂ ಬೇರ್ಪಡಿಸುವ ಕಾಯ್ದೆ ಬಿದ್ದದ್ದು ರೋಸಾ ಪಾರ್ಕ್ಸ್ ಅವರ ಮೇಲಿನ ಕೇಸಿನಿಂದಲ್ಲ. 25ರ ಹರೆಯದ ಕಪ್ಪು ವಕೀಲ ಫ್ರೆಡ್ ಗ್ರೇ ಬೇರೆ ಮಹಿಳೆಯರ ಪರವಾಗಿ ಫೆಡರಲ್ ಕೋರ್ಟಿಗೆ, ಅಂದರೆ ರಾಜ್ಯದ ಹಿಡಿತಕ್ಕೆ ಸಿಗದ ಕೇಂದ್ರದ ನ್ಯಾಯಾಲಯಕ್ಕೆ, ಹಾಕಿದ ದಾವೆಯಿಂದ. ಆ ಮಹಿಳೆಯರಲ್ಲಿ ಒಬ್ಬಳು ಕ್ಲಾಡೆಟ್ ಕಾಲ್ವಿನ್. ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ, ಸೀಟು ಬಿಡದೆ ಬಂಧನಕ್ಕೊಳಗಾದ ಹುಡುಗಿ. 1956ರ ಮೇ 11ರಂದು ಸಾಕ್ಷಿಕಟ್ಟೆ ಹತ್ತಿದಾಗ ನಗರಸಭೆಯ ವಕೀಲರು ‘ಬಸ್ಸು ಹತ್ತುವುದನ್ನು ಯಾಕೆ ನಿಲ್ಲಿಸಿದಿರಿ’ ಎಂದು ಕೇಳಿದರು. ನಮ್ಮನ್ನು ಕೆಟ್ಟದಾಗಿ, ಹೊಲಸಾಗಿ ನಡೆಸಿಕೊಂಡರು, ಅದಕ್ಕೆ ಎಂದಳು. ನೂರು ಪುಟದ ವಾದವೂ ಆ ಮಾತಿನ ಮುಂದೆ ನಿಲ್ಲದು.

ಕೇಳುತ್ತ ಕೂತಿದ್ದ ಮೂವರಲ್ಲಿ ತೀರಾ ಕಿರಿಯರು ಫ್ರಾಂಕ್ ಎಂ. ಜಾನ್ಸನ್. ವಯಸ್ಸು 37. ಪೀಠಕ್ಕೆ ಬಂದು ಒಂದು ತಿಂಗಳೂ ತುಂಬುವ ಮೊದಲೇ ಪಾರ್ಕ್ಸ್ ಬಂಧನವಾಗಿತ್ತು. ಒಳಗೆ ಕೂತು ಚರ್ಚಿಸುವಾಗ ಕಿರಿಯರು ಮೊದಲು ಅಭಿಪ್ರಾಯ ಹೇಳಬೇಕೆನ್ನುವುದು ಅಲ್ಲಿನ ರೂಢಿ. ಹಿರಿಯರ ಮುಖ ನೋಡಿಕೊಂಡು ಮಾತಾಡುವ ಅವಕಾಶವೇ ಇಲ್ಲ. ಸರ್ಕಾರ ಹೇರುವ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಎಂದು ಜಾನ್ಸನ್ ನೇರವಾಗಿ ಹೇಳಿದರು. ರಿಚರ್ಡ್ ರೈವ್ಸ್ ಒಪ್ಪಿದರು, ಮೂರನೆಯವರು ಭಿನ್ನಮತ ಬರೆದರು. ಭಿನ್ನಮತವೂ ಪೊಳ್ಳಲ್ಲ. ಬೇರ್ಪಡಿಕೆ ತಪ್ಪು ಎಂದ 1954ರ ಸುಪ್ರೀಂ ಕೋರ್ಟ್ ತೀರ್ಪು ಶಾಲೆಗಳಿಗೆ ಸಂಬಂಧಿಸಿದ್ದು, ಸಾರಿಗೆಯ ವಿಷಯದಲ್ಲಿ ಬೇರ್ಪಡಿಕೆಯನ್ನು ಒಪ್ಪಿದ 1896ರ ಹಳೇ ತೀರ್ಪನ್ನು ಯಾರೂ ರದ್ದುಮಾಡಿಲ್ಲ ಎನ್ನುವ ವಾದ ಅದು. ಮೇಲಿನವರು ಹೇಳಲಿ ಎಂದು ಕಾಯಬಹುದಿತ್ತು. ಜಾನ್ಸನ್ ಕಾಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ತೀರ್ಪನ್ನೇ ಎತ್ತಿಹಿಡಿಯಿತು.

ಇವರು ಹೊರಗಿನವರಲ್ಲ, ಅಲಬಾಮದ ಉತ್ತರದ ಗುಡ್ಡಗಾಡು ವಿನ್‌ಸ್ಟನ್ ಕೌಂಟಿಯಲ್ಲಿ 1918ರಲ್ಲಿ ಹುಟ್ಟಿದವರು. 1861ರಲ್ಲಿ ರಾಜ್ಯವೇ ಒಕ್ಕೂಟ ಬಿಟ್ಟು ಹೊರಟಾಗ ಬೇಡವೆಂದು ಹಟ ಹಿಡಿದ ಜನರ ಸೀಮೆ ಅದು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದವರು. ಹೊಗೆಸೊಪ್ಪು ಜಗಿಯುವ, ಕಡಿಮೆ ಮಾತಿನ ಮನುಷ್ಯ. ಕಾನೂನು ಕಾಲೇಜಿನಲ್ಲಿ ಜೊತೆಗೆ ಓದಿದವರು ಜಾರ್ಜ್ ವಾಲೇಸ್, ಮುಂದೆ ವರ್ಣಭೇದದ ಬಾವುಟ ಹಿಡಿದು ಗವರ್ನರ್, ಅಂದರೆ ರಾಜ್ಯದ ಚುನಾಯಿತ ಮುಖ್ಯಸ್ಥ, ಆದವರು.

ಈ ಇಬ್ಬರ 1959ರ ಪ್ರಸಂಗವನ್ನು ಹೇಳಲೇಬೇಕು. ರಾಜ್ಯದ ನ್ಯಾಯಾಧೀಶರಾಗಿದ್ದ ವಾಲೇಸ್, ಮತದಾರರ ದಾಖಲೆಗಳನ್ನು ಕೇಂದ್ರದ ನಾಗರಿಕ ಹಕ್ಕುಗಳ ಆಯೋಗಕ್ಕೆ ಕೊಡುವುದಿಲ್ಲವೆಂದು ಊರೆಲ್ಲ ಸಾರಿದರು. ಕೊಡಿ ಎಂದು ಜಾನ್ಸನ್ ಆದೇಶಿಸಿದರು. ಒಂದು ರಾತ್ರಿ ವಾಲೇಸ್ ಹಳೇ ಸ್ನೇಹದ ಸಲಿಗೆಯಲ್ಲಿ ಜಾನ್ಸನ್ ಮನೆಗೇ ಹೋದರು. ಸ್ವಲ್ಪ ದಿನ ಜೈಲಿಗೆ ಕಳಿಸಿದರೆ ಚುನಾವಣೆಗೆ ಅನುಕೂಲ ಎನ್ನುವುದು ಬೇಡಿಕೆ. ಜಾನ್ಸನ್ ಜಗ್ಗಲಿಲ್ಲ. ವಾಲೇಸ್ ದಾಖಲೆಗಳನ್ನು ಗುಟ್ಟಾಗಿ ಬೇರೆಯವರ ಕೈಯಿಂದ ಕೊಡಿಸಿದರು. ಆಗ ಜಾನ್ಸನ್, ಇವರು ಅಡ್ಡದಾರಿಯಲ್ಲಿಯಾದರೂ ಆದೇಶ ಪಾಲಿಸಿದ್ದಾರೆ, ಆದ್ದರಿಂದ ನ್ಯಾಯಾಂಗ ನಿಂದನೆ ಆಗಿಲ್ಲ ಎಂದು ಬಿಡುಗಡೆ ಮಾಡಿದರು! ಶಿಕ್ಷೆ ಬೇಡಿ ಬಂದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿತ್ತು?

ಕಪ್ಪು ವರ್ಣೀಯರ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್ಗಮರಿಗೆ ಹೊರಟ 1965ರ ಮೆರವಣಿಗೆಯನ್ನು ಎಲ್ಲರೂ ನೆನೆಯುತ್ತಾರೆ. ಸೇತುವೆಯ ಮೇಲೆ ಪೊಲೀಸರು ಹೊಡೆದ ಎರಡು ದಿನಕ್ಕೆ, ವಿಚಾರಣೆ ಮುಗಿಯುವವರೆಗೆ ನಡೆಯಬೇಡಿ ಎಂದು ಆದೇಶಿಸಿದವರೂ ಜಾನ್ಸನ್ನರೇ. ಹೋರಾಟಗಾರರು ನೊಂದರು. ಹಲ್ಲೆಯ ಚಿತ್ರಣವನ್ನು ಕೋರ್ಟಿನಲ್ಲೇ ತೆರೆ ಹಾಕಿ ತೋರಿಸಿದರು. ಮಾರ್ಚ್ 17ರಂದು ಬಂದ ತೀರ್ಪು, ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟನೆಯ ಹಕ್ಕೂ ಅಷ್ಟೇ ದೊಡ್ಡದು ಎಂದಿತು. ಹೆದ್ದಾರಿಯಲ್ಲೇ ನಡೆಯಲಿ, ರಸ್ತೆ ಕಿರಿದಾದಲ್ಲಿ 300 ಮಂದಿ ಮೀರಬಾರದು, ರಕ್ಷಣೆ ಕೊಡಬೇಕಾದ್ದು ರಾಜ್ಯವೇ. ಮೆರವಣಿಗೆಗೆ ಅನುಮತಿ ಕೇಳಿ ಹೈಕೋರ್ಟಿಗೆ ಅಲೆದವರಿಗೆ ಈ ತೀರ್ಪಿನ ಬೆಲೆ ಗೊತ್ತು.

ಅವರೂ ಎಡವಿದ್ದಾರೆ. ಕಪ್ಪು ಮತದಾರರನ್ನು ಹೊರಗಿಡಲು ಚೌಕಾಕಾರದ ಟಸ್ಕೀಗಿ ಪಟ್ಟಣದ ಗಡಿಯನ್ನು 28 ಬದಿಗಳಾಗಿ ಕತ್ತರಿಸಿದ್ದನ್ನು ಪ್ರಶ್ನಿಸಿದಾಗ ದಾವೆ ವಜಾ ಮಾಡಿದರು. ಸುಪ್ರೀಂ ಕೋರ್ಟ್ 1960ರಲ್ಲಿ ಅದನ್ನು ತಿದ್ದಿತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯೇ. ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಉಂಟು. ಫೆಡರಲ್ ನ್ಯಾಯಾಧೀಶರಿಗೆ ಹುದ್ದೆ ಜೀವನಪರ್ಯಂತ, ಯಾವ ಗವರ್ನರನೂ ಮುಟ್ಟಲಾರ. ಆದರೆ ಊರು ಬಿಡುವಂತೆಯೂ ಇಲ್ಲ! ತೀರ್ಪಿನಿಂದ ಕೆರಳಿದ ಬಿಳಿಯರ ನಡುವೆಯೇ ತರಕಾರಿ ತರಬೇಕು, ಮಗನನ್ನು ಶಾಲೆಗೆ ಕಳಿಸಬೇಕು. ಸಾಮಾಜಿಕ ಬಹಿಷ್ಕಾರ ಏನೆಂದು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ವರ್ಣದ್ವೇಷಿಗಳು ಬೆದರಿಸಲು ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. ಬೆದರಿಕೆ ಪತ್ರಗಳು ಬಂದವು, ವರ್ಷಗಟ್ಟಲೆ ಕಾವಲು ಬೇಕಾಯಿತು. 1967ರಲ್ಲಿ ತಾಯಿಯ ಮನೆಗೆ ಬಾಂಬಿಟ್ಟರು. ಪುಣ್ಯಕ್ಕೆ ಆಕೆಗೆ ಏನೂ ಆಗಲಿಲ್ಲ. ಜಾನ್ಸನ್ 1999ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ.

ಇಷ್ಟಾದ ಮೇಲೂ 1970ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಕೇಸು ಬಂದಾಗ ಅವರು ಹಿಂದೆ ಸರಿಯಲಿಲ್ಲ. 1972ರ ಆದೇಶದಲ್ಲಿ ಎಂಟು ರೋಗಿಗಳಿಗೆ ಒಂದು ಶೌಚಾಲಯ ಇರಬೇಕು, ಒಂದು ಕೋಣೆಯಲ್ಲಿ ಆರು ಜನರಿಗಿಂತ ಹೆಚ್ಚು ಇರಬಾರದು, ರೋಗಿಗೆ ತನ್ನದೇ ಬಟ್ಟೆ ತೊಡುವ ಹಕ್ಕಿದೆ ಎಂದೆಲ್ಲ ಬರೆದರು. ಎಷ್ಟೋ ಜನಕ್ಕೆ ಇದು ನ್ಯಾಯಾಧೀಶರ ಕೆಲಸವಲ್ಲ ಅನಿಸಿತು. ವರ್ಷಾನುಗಟ್ಟಲೆ ಬೇರೆಯವರ ಅಂಗಿ ತೊಟ್ಟು ಬದುಕಿದವನಿಗೆ ತನ್ನ ಅಂಗಿ ತನಗೆ ಸಿಗುವುದು ಏನೆಂದು ಅವರು ಯೋಚಿಸಿದ್ದರು.

ಮಗಳ ಮನೆ ಅಟ್ಲಾಂಟಾದಲ್ಲಿದೆ. ಹೋದಾಗ ಒಂದು ಬೆಳಿಗ್ಗೆ ಮಾಂಟ್ಗಮರಿಗೆ ಹೋಗಿಬಂದೆವು. ಈಗ ಜಾನ್ಸನ್ ಹೆಸರು ಹೊತ್ತ ಕೋರ್ಟ್ ಕಟ್ಟಡಕ್ಕೆ ಅಂಟಿಕೊಂಡಂತೆಯೇ ಹಳೇ ಗ್ರೇಹೌಂಡ್ ಬಸ್ ನಿಲ್ದಾಣವಿದೆ. 1961ರಲ್ಲಿ ಸ್ವಾತಂತ್ರ್ಯ ಯಾತ್ರಿಕರನ್ನು, ಅಂದರೆ ಬೇರ್ಪಡಿಕೆಯನ್ನು ಧಿಕ್ಕರಿಸಿ ಕಪ್ಪು-ಬಿಳಿಯರು ಒಟ್ಟಾಗಿ ಬಸ್ಸಿನಲ್ಲಿ ಹೊರಟವರನ್ನು, ಗುಂಪು ಸೇರಿ ಬಡಿದದ್ದು ಅಲ್ಲಿಯೇ. ನಿಲ್ದಾಣದ ಬಾಗಿಲಲ್ಲಿ ನಿಂತು ಕತ್ತೆತ್ತಿದರೆ ಕೋರ್ಟಿನ ಕಿಟಕಿಗಳೇ ಕಾಣುತ್ತವೆ. ನಾನು ಬಹಳ ಹೊತ್ತು ಹಾಗೆಯೇ ನಿಂತಿದ್ದೆ.

ನನ್ನದೊಂದು ವಿನಂತಿ. ಕೋರ್ಟಿನ ಆದೇಶ ಮಾಂಟ್ಗಮರಿಗೆ ತಲುಪಿದ್ದು 1956ರ ಡಿಸೆಂಬರ್ 20ರಂದು. ಮುಂದಿನ ವರ್ಷ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅವರನ್ನು ನೆನೆದ ಮೇಲೆ, 20ರಂದು ಕಾಲು ಪುಟವನ್ನಾದರೂ ಕ್ಲಾಡೆಟ್ ಕಾಲ್ವಿನ್, ಫ್ರೆಡ್ ಗ್ರೇ ಮತ್ತು ಫ್ರಾಂಕ್ ಜಾನ್ಸನ್ ಅವರಿಗಾಗಿ ತೆಗೆದಿಡಿ.

ಇತಿ,
ನಿವೃತ್ತ ವಕೀಲ, ಹಾಸನ