ಗೆಳೆಯನಿಗೊಂದು ಪತ್ರ: ಶಾತೊ ಗಯಾರ್ ಸೋತ ಮೂರು ಜಾಗ

ಪ್ರಿಯ ಗೆಳೆಯಾ,

ಫ್ರಾನ್ಸಿನ ನಾರ್ಮಂಡಿಗೆ ಹೋದಾಗ ಅಲ್ಲಿನ ಹಳೆಯ ಕೋಟೆ ಶಾತೊ ಗಯಾರ್‌ಗೆ ಅರ್ಧ ದಿನವಾದರೂ ಎತ್ತಿಡು. ನೇರವಾಗಿ ನಡುವಿನ ದೊಡ್ಡ ಬತೇರಿಗೆ ಹೋಗಿ, ಸೇನ್ ನದಿಯ ಫೋಟೊ ತೆಗೆದು ಇಳಿದುಬಿಡಬೇಡ. ಆಗ್ನೇಯದ ದಿಣ್ಣೆಯ ಕಡೆಯಿಂದ ಒಳಗೆ ಬಾ. ಬೇರೆಲ್ಲ ಕಡೆ ಕಡಿದಾದ ಇಳಿಜಾರು. ಫ್ರಾನ್ಸಿನ ಅರಸ ಫಿಲಿಪ್‌ನ ಸೈನ್ಯ ಲಗ್ಗೆ ಹಾಕಿದ್ದೂ ಇದೇ ದಾರಿಯಲ್ಲಿ.

ಆಗ ನಾರ್ಮಂಡಿಯನ್ನೂ ಆಳುತ್ತಿದ್ದ ಇಂಗ್ಲೆಂಡಿನ ಅರಸ ರಿಚರ್ಡ್ 1196ರಿಂದ 1198ರೊಳಗೆ ಇದನ್ನು ಕಟ್ಟಿಸಿದ. ಇಂಗ್ಲೆಂಡಿನ ತನ್ನ ಎಲ್ಲ ಕೋಟೆಗಳಿಗೆ ಇಡೀ ಆಳ್ವಿಕೆಯಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಹಣ ಇದೊಂದಕ್ಕೇ ಸುರಿದ. ಒಂದರ ಹಿಂದೊಂದು ಮೂರು ಸುತ್ತು, ನಡುವೆ ಸುಣ್ಣಕಲ್ಲಿನಲ್ಲಿ ಕಡಿದ ಒಣ ಕಂದಕ. ಒಳಸುತ್ತಿನ ಗೋಡೆಯ ಹೊರಮೈ ಕಮಾನು ಕಮಾನಾಗಿ ಉಬ್ಬಿದೆ. ಕವಣೆಯಂತ್ರದ ಕಲ್ಲು ಬಿದ್ದರೆ ಜಾರಬೇಕು, ಬುಡದಲ್ಲಿ ವೈರಿಗೆ ಮರೆ ಸಿಗಬಾರದು ಎಂಬ ಲೆಕ್ಕ.

ಅಷ್ಟಾದರೂ ಅದು ಬಿತ್ತು. ಹೊರಸುತ್ತಿನ ತುದಿಯ ಬುರುಜಿನ ಬುಡವನ್ನು ಕೊರೆದು, ಮರದ ಊರೆ ಕೊಟ್ಟು, ಆಮೇಲೆ ಊರೆಗೆ ಬೆಂಕಿಯಿಟ್ಟು ಕೆಡವಿದರು. ಎರಡನೆಯ ಸುತ್ತಿನಲ್ಲಿ, ರಿಚರ್ಡ್ ಸತ್ತ ಮೇಲೆ ತಮ್ಮ ಜಾನ್ ಸೇರಿಸಿದ್ದ ಪ್ರಾರ್ಥನಾಮಂದಿರದ ಕಿಟಕಿ ತೀರಾ ತಗ್ಗಿನಲ್ಲಿತ್ತು. ಒಬ್ಬ ಇನ್ನೊಬ್ಬನ ಹೆಗಲೇರಿ ಒಳಗೆ ನುಗ್ಗಿದ. ಮೂರನೆಯದರಲ್ಲಿ ತಪ್ಪು ಮೂಲ ನಕ್ಷೆಯದೇ: ಕಂದಕ ಕಡಿಯುವಾಗ ಸೇತುವೆಗೆಂದು ಒಂದು ಬಂಡೆಯನ್ನು ಹಾಗೇ ಬಿಟ್ಟಿದ್ದರು. ಅದರ ಮರೆಯಲ್ಲಿ ಕೂತು ಫ್ರೆಂಚರು ಗೋಡೆಯಡಿ ಸುರಂಗ ತೋಡಿದರು. ತಡೆಯಲು ಒಳಗಿನವರೂ ಎದುರಿನಿಂದ ತೋಡಿದರು; ಎರಡೂ ಕಡೆ ಟೊಳ್ಳಾದ ಗೋಡೆ ಕಲ್ಲೇಟಿಗೆ ಕುಸಿಯಿತು. ಅಂದು 1204ರ ಮಾರ್ಚ್ 6. ಆ ಬಂಡೆ ಈಗಲೂ ಇದೆ, ತಪ್ಪದೆ ನೋಡು.

ಆದರೆ ಇಳಿಜಾರಿನಲ್ಲೂ ಸ್ವಲ್ಪ ಹೊತ್ತು ನಿಲ್ಲು. ಮುತ್ತಿಗೆಯ ಹೊತ್ತಿನಲ್ಲಿ ಆಶ್ರಯಕ್ಕೆ ಬಂದಿದ್ದ ಊರಿನವರನ್ನು, ದವಸ ಸಾಲದೆಂದು ಕೋಟೆಯ ಅಧಿಪತಿ ರೋಜರ್ ದ ಲೇಸಿ ಹೊರಗೆ ಕಳಿಸಿದ. ಮೊದಲ ಗುಂಪುಗಳನ್ನು ಫ್ರೆಂಚರು ದಾಟಲು ಬಿಟ್ಟರು, ಕೊನೆಯವರನ್ನು ಬಿಡಲಿಲ್ಲ. ಹಿಂದೆ ಹೋದರೆ ಕೋಟೆಯ ಬಾಗಿಲು ಮುಚ್ಚಿತ್ತು. ನೂರಾರು ಜನ ಚಳಿಗಾಲವಿಡೀ ಎರಡು ಸೈನ್ಯಗಳ ನಡುವೆ ಸಿಕ್ಕಿ, ಹಸಿವಿನಿಂದ ಸತ್ತರು. ಉಳಿದವರಿಗೆ ಕಡೆಗೆ ಫಿಲಿಪ್‌ನೇ ಊಟ ಕೊಡಿಸಿದ. ಈ ಕೋಟೆಯ ಚರಿತ್ರೆ ಹೇಳುವಾಗ ಇವರನ್ನು ಬಿಡುವುದು ಅನ್ಯಾಯ.

ಇನ್ನೊಂದು ಮಾತು. ಈಗ ಕಾಣುವ ಹಾಳು ಬಹುಪಾಲು ಮುತ್ತಿಗೆಯದಲ್ಲ. 1599ರಲ್ಲಿ ಫ್ರಾನ್ಸಿನ ಅರಸ ನಾಲ್ಕನೆಯ ಹೆನ್ರಿ ಕೋಟೆ ಕೆಡವಲು ಆಜ್ಞೆ ಕೊಟ್ಟ. ಕಪುಚಿನ್ ಎಂಬ ಕ್ರೈಸ್ತ ಪಂಗಡದ ಸನ್ಯಾಸಿಗಳು ತಮ್ಮ ಮಠಕ್ಕೆಂದು ಕಲ್ಲು ಸಾಗಿಸಿದರು. ಕೆತ್ತಿದ ಹೊರಕಲ್ಲು ಹೋಗಿ, ಬರೀ ಗಾರೆ ಮತ್ತು ಚೂರುಗಲ್ಲಿನ ಒಡಲು ಕಾಣುವ ಗೋಡೆಗಳು ಹಾಗೆ ಸುಲಿದವು.

ನಿನ್ನ ಗೆಳೆಯ